ಅಪ್ಪ ಟೈಪ್ ಮಾಡಿಟ್ಟಿದ್ದ ಸೋಬಾನೆ ಪದದ ತುಂಬಾ ಪೌಂಡ್ ಗುರುತು, ಕನ್ನಡ ವಾಪಸ್ ಬರುತ್ತದಾ?

ಗಿರಿನಗರ_ಮಗಳು:
ಎಲ್ಲರಿಗೂ ನಮಸ್ಕಾರ. ನಮ್ಮಜ್ಜಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಅಪ್ಪ 2005ರಲ್ಲಿ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಮಾಡಿ ವರ್ಡ್ ಫೈಲಲ್ಲಿ ಇಟ್ಟಿದ್ದರು. ಈಗ ಇಬ್ಬರೂ ಇಲ್ಲ. ಮುಂದಿನ ತಿಂಗಳು ತಂಗಿ ಮದುವೆ, ನಾಲ್ಕು ಪದ ಪ್ರಿಂಟ್ ಹಾಕಿಸಿ ಹೆಂಗಸರ ಕೈಗೆ ಕೊಡೋಣ ಅಂತ ಹೊಸ ಲ್ಯಾಪ್‌ಟಾಪಲ್ಲಿ ತೆಗೆದರೆ ಒಂದೇ ಒಂದು ಕನ್ನಡ ಅಕ್ಷರ ಇಲ್ಲ. ಬರೀ ಇಂಗ್ಲಿಷಿನ ಪಿ, ಕ್ಯೂ, ತಲೆ ಮೇಲೆ ಓರೆ ಗೆರೆ ಇರುವ ಎ, ಪೌಂಡ್ ಗುರುತು. ಅದೇ ಲ್ಯಾಪ್‌ಟಾಪಲ್ಲಿ ವಾಟ್ಸಾಪ್ ಕನ್ನಡ ಚೆನ್ನಾಗಿಯೇ ಕಾಣುತ್ತದೆ.

ಇನ್ನೂ ಎರಡು ತಲೆನೋವು. ಕರೆಯಬೇಕಾದವರ ಪಟ್ಟಿಯನ್ನು ಸಿಎಸ್‌ವಿ ಅನ್ನುವ ಸಾದಾ ಟೆಕ್ಸ್ಟ್ ಫೈಲ್ ಮಾಡಿ ಎಕ್ಸೆಲಲ್ಲಿ ತೆಗೆದರೆ ಅಂಥದ್ದೇ ಓರೆ ಗೆರೆ ಎ, ಪಕ್ಕದಲ್ಲಿ ಪುಟಾಣಿ 2, ಪುಟಾಣಿ 3. ಚಿಕ್ಕಪ್ಪ ನೋಟ್‌ಪ್ಯಾಡಲ್ಲಿ ಕಳಿಸಿದ ಹೆಸರುಗಳಂತೂ ಬರೀ ಪ್ರಶ್ನೆ ಚಿಹ್ನೆ. ಎಲ್ಲಾ ಹೋಯಿತಾ?

ಡಿಟಿಪಿ_ಚಾಮರಾಜಪೇಟೆ:
ಮೇಡಂ, ಅಪ್ಪನ ಫೈಲ್ ಹೋಗಿಲ್ಲ, ಗಾಬರಿ ಬೇಡ. ಮೊದಲು ಅದರದ್ದೊಂದು ಕಾಪಿ ಮಾಡಿ, ಮೂಲ ಫೈಲನ್ನು ಮುಟ್ಟಬೇಡಿ.

ಆ ಕಾಲದ ಫಾಂಟಲ್ಲಿ ಇದ್ದದ್ದು 256 ಮನೆ (ಅಕ್ಷರ ಕೂರುವ ಜಾಗ) ಮಾತ್ರ, ಅದೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆ. ಅವುಗಳ ಒಳಗೇ ನಮ್ಮ ಅಕ್ಷರದ ತುಂಡುಗಳನ್ನು ಕೂರಿಸಿದ್ದರು. ‘ಕನ್ನಡ’ ಅಂತ ಟೈಪ್ ಮಾಡಿದರೆ ಫೈಲಿನ ಒಳಗೆ ಕೂರುವುದು ಪಿ, ಓರೆ ಗೆರೆ ಎ, ಪೌಂಡ್, ಮತ್ತೆ ಎ, ಜರ್ಮನ್ ಭಾಷೆಯ ಜೋಡಿ ಎಸ್, ಕ್ಯೂ, ಮತ್ತೆ ಎ. ಪಿ ಅಂದರೆ ತಲೆಕಟ್ಟು ಇಲ್ಲದ ಕ, ಆ ಓರೆ ಗೆರೆ ಎ ಅಂದರೆ ತಲೆಕಟ್ಟು. ಪೌಂಡ್ ಅಂದರೆ ನ, ಜೋಡಿ ಎಸ್ ಅಂದರೆ ನ ಒತ್ತು, ಕ್ಯೂ ಅಂದರೆ ಡ. ನುಡಿ ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಮನೆಯ ಮೂಲ ಯಜಮಾನ ಹೊರಗೆ ಬರುತ್ತಾನೆ. ನುಡಿ 01 ಇ ಫಾಂಟ್ ಹಾಕಿಕೊಂಡು, ಪೂರ್ತಿ ಸೆಲೆಕ್ಟ್ ಮಾಡಿ ಆ ಫಾಂಟ್ ಕೊಡಿ. ಪ್ರಿಂಟಿಗೆ ಪಿಡಿಎಫ್ ಮಾಡಿಯೇ ಕಳಿಸಿ, ಫಾಂಟ್ ಅದರೊಳಗೇ ಹೋಗುತ್ತದೆ.

ಕೋಡ್_ಮಲ್ಲೇಶ್ವರ:
ಮೇಲಿನವರು ಹೇಳಿದ್ದು ಸರಿ, ಆದರೆ ಫಾಂಟ್ ಹಾಕಿ ಸುಮ್ನೆ ಬಿಡಬೇಡಿ. ಹತ್ತು ವರ್ಷ ಬಿಟ್ಟು ನಿಮ್ಮ ಮಕ್ಕಳಿಗೂ ಇದೇ ಗೋಳು. ಯೂನಿಕೋಡಿಗೆ ಬದಲಾಯಿಸಿಬಿಡಿ. ಅದರಲ್ಲಿ ಕನ್ನಡಕ್ಕೆ ಅಂತಲೇ ಬೇರೆ ಮನೆಗಳಿವೆ, ಕ ಯಾವ ಫಾಂಟಲ್ಲೂ ಕ ಆಗಿಯೇ ಇರುತ್ತದೆ, ನಿಮ್ಮ ವಾಟ್ಸಾಪ್ ಸರಿಯಾಗಿ ಕಾಣುವುದು ಅದಕ್ಕೇ. ನುಡಿಯಂಥ ಹಳೇ ಫಾಂಟಿನ ಬರಹಕ್ಕೆ ಆಸ್ಕಿ ಅನ್ನುತ್ತಾರೆ, ಆಸ್ಕಿಯಿಂದ ಯೂನಿಕೋಡಿಗೆ ಅಂತ ಹುಡುಕಿದರೆ ಕನ್ವರ್ಟರ್ ಸಿಗುತ್ತದೆ.

ಎಕ್ಸೆಲ್ ಕಥೆ ಬೇರೆ. ನಿಮ್ಮ ಪಟ್ಟಿ ಇರುವುದು ಯುಟಿಎಫ್-8ರಲ್ಲಿ, ಅಂದರೆ ಯೂನಿಕೋಡನ್ನು ಫೈಲಲ್ಲಿ ಬರೆದಿಡುವ ಒಂದು ಕ್ರಮದಲ್ಲಿ. ಅದರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ 3 ಬೈಟ್. ಎಕ್ಸೆಲ್ ಅದನ್ನು ಹಳೇ ಲೆಕ್ಕದಲ್ಲಿ ಒಂದೊಂದು ಬೈಟಿಗೆ ಒಂದೊಂದು ಅಕ್ಷರ ಅಂತ ಓದುತ್ತಿದೆ. ಕನ್ನಡದ ಮೊದಲ ಬೈಟ್ ಯಾವಾಗಲೂ ಒಂದೇ, ಅದೇ ನಿಮ್ಮ ಓರೆ ಗೆರೆ ಎ. ಎರಡನೆಯದು ಪುಟಾಣಿ 2 ಅಥವಾ 3. ಫೈಲನ್ನು ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ತೆಗೆದು, ಡೇಟಾ ಟ್ಯಾಬಲ್ಲಿ ಟೆಕ್ಸ್ಟ್ ಫೈಲಿಂದ ತರುವ ಬಟನ್ ಒತ್ತಿ, ಫೈಲ್ ಒರಿಜಿನ್ ಅಂತ ಇರುವಲ್ಲಿ 65001 ಆರಿಸಿ, ಅದು ಯುಟಿಎಫ್-8ರ ನಂಬರ್.

ಚಿಕ್ಕಪ್ಪನ ಫೈಲ್ ಮಾತ್ರ ನಿಜವಾಗಿಯೂ ಹೋಗಿರಬಹುದು. ಹಳೇ ನೋಟ್‌ಪ್ಯಾಡಲ್ಲಿ ಆನ್ಸಿ ಅಂತ, ಅಂದರೆ ಆ ಹಳೇ ಲೆಕ್ಕದಲ್ಲೇ, ಸೇವ್ ಮಾಡಿದರೆ ಅದಕ್ಕೆ ಗೊತ್ತಿಲ್ಲದ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನೆ ಚಿಹ್ನೆಯನ್ನೇ ಬರೆದುಬಿಡುತ್ತದೆ. ಸೇವ್ ಮಾಡುವ ಮುಂಚೆ ಒಂದು ಎಚ್ಚರಿಕೆ ಕೊಡುತ್ತದೆ, ನಾವು ಓದದೆ ಓಕೆ ಒತ್ತುತ್ತೇವೆ. ಅಲ್ಲಿ ಈಗ ಕನ್ನಡ ಇಲ್ಲವೇ ಇಲ್ಲ, ಯಾವ ಫಾಂಟ್ ಹಾಕಿದರೂ ಬರುವುದಿಲ್ಲ.

ಡಿಟಿಪಿ_ಚಾಮರಾಜಪೇಟೆ:
ಒಪ್ಪಿದೆ ಸರ್. ಮೇಡಂ, ಕನ್ವರ್ಟ್ ಮಾಡಿದ ಮೇಲೆ ಅರ್ಕಾವತ್ತು ಒಂದೊಂದೂ ನೋಡಿ. ‘ಸೂರ್ಯ’ ಅಂದರೆ ನುಡಿಯಲ್ಲಿ ಕಣ್ಣಿಗೆ ಕಾಣುವ ಹಾಗೇ, ಯ ಮೊದಲು, ಅರ್ಕಾವತ್ತು ಆಮೇಲೆ. ಯೂನಿಕೋಡಲ್ಲಿ ಬಾಯಲ್ಲಿ ಹೇಳುವ ಹಾಗೆ ರ್ ಮೊದಲು. ಕನ್ವರ್ಟರ್ ಎಡವುವುದು ಜಾಸ್ತಿ ಇಲ್ಲೇ. ಮಧ್ಯೆ ಇಂಗ್ಲಿಷ್ ಪದ ಇದ್ದರೆ ಅದನ್ನೂ ಕನ್ನಡ ಅಂದುಕೊಂಡು ಏನೇನೋ ಮಾಡಿಬಿಡುತ್ತದೆ. ಪ್ರೆಸ್ಸಿನವರ ಹಳೇ ಸಾಫ್ಟ್‌ವೇರಿಗೆ ಯೂನಿಕೋಡ್ ಪೇಸ್ಟ್ ಮಾಡಿದರೆ ಒತ್ತಕ್ಷರ ಕೆಳಗೆ ಕೂರದೆ ಪಕ್ಕಕ್ಕೆ ಬಂದು ನಿಲ್ಲುವುದೂ ಉಂಟು, ಅಕ್ಷರ ಜೋಡಿಸುವ ಕೆಲಸ ಅದಕ್ಕೆ ಬರುವುದಿಲ್ಲ. ಪ್ರೂಫ್ ನೋಡದೆ ಪ್ರಿಂಟಿಗೆ ಹೂಂ ಅನ್ನಬೇಡಿ.

ಗಿರಿನಗರ_ಮಗಳು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಫಾಂಟ್ ಬದಲಾಯಿಸಿದ ತಕ್ಷಣ ಪೂರ್ತಿ ಹಾಡು ಕಾಣಿಸಿತು, ನೋಡಿ ಅಮ್ಮ ಅತ್ತೇ ಬಿಟ್ಟರು. ಪಟ್ಟಿಯೂ ಸರಿ ಹೋಯಿತು. ಚಿಕ್ಕಪ್ಪನಿಗೆ ಫೋನ್ ಮಾಡಿ ಹೆಸರು ಮತ್ತೆ ಬರೆಸಿಕೊಳ್ಳುತ್ತೇನೆ. ಕನ್ವರ್ಟ್ ಮಾಡಿದ್ದರಲ್ಲಿ ಅರ್ಕಾವತ್ತು ಹಲವು ಕಡೆ ತಪ್ಪಿದೆ, ಅಮ್ಮ ಪಕ್ಕದಲ್ಲಿ ಕೂತು ಹಾಡಿ ಹೇಳುತ್ತಿದ್ದಾರೆ, ನಾನು ತಿದ್ದುತ್ತಿದ್ದೇನೆ. ಮೂರನೇ ಪದದಲ್ಲಿದ್ದೇವೆ.