ಮೊದಲ ಗಾಡಿ ಯಾವುದು ತಗೊಳ್ಳಲಿ? ಗ್ಯಾರೇಜ್ ಅಣ್ಣನನ್ನು ಕೇಳಿ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಹೇಳಿದ ಹಾಗೆ ಇವತ್ತು ನಮ್ಮ ತುಮಕೂರಿನ ಗ್ಯಾರೇಜ್ ಅಣ್ಣ ಗುಂಪಿನಲ್ಲಿ ಇರುತ್ತಾರೆ. ಭಾನುವಾರ ಅವರಿಗೂ ರಜೆ, ಅದು ನೆನಪಿರಲಿ. ವಿಷಯ ಒಂದೇ. ವಾರವೆಲ್ಲ ಕೆಲಸಕ್ಕೆ ಹೋಗಬೇಕು, ಭಾನುವಾರ ಮಣ್ಣುದಾರಿಗೂ ಆಗಬೇಕು, ಅಂಥ ಮೊದಲ ಬೈಕ್ ಯಾವುದು? ಫಾರ್ವರ್ಡ್ ಹಾಕಬೇಡಿ.

ಶೆಟ್ಟಿಹಳ್ಳಿ ಹುಡುಗ: ಅಣ್ಣ ನಮಸ್ತೆ. ವಸಂತನರಸಾಪುರದಲ್ಲಿ ಕೆಲಸ ಸಿಕ್ಕಿದೆ. ಹೋಗಿ ಬರಲು ದಿನಕ್ಕೆ 40 ಕಿ.ಮೀ. ಆಗುತ್ತದೆ. ಭಾನುವಾರ ಕೊರಟಗೆರೆ, ಮಧುಗಿರಿ ಕಡೆ ಮಣ್ಣುದಾರಿ ಸುತ್ತುವ ಆಸೆ. ಕೈಯಲ್ಲಿ 2 ಲಕ್ಷ ಇದೆ. ಹೀರೋ ಎಕ್ಸ್‌ಪಲ್ಸ್ 200 ತಗೊಳ್ಳಲಾ, ಇಲ್ಲ 125 ಸಿಸಿ ಗಾಡಿ ಸಾಕಾ?

ಗ್ಯಾರೇಜ್ ಅಣ್ಣ: ನಮಸ್ಕಾರ ತಮ್ಮ. ಮೊದಲು ಲೆಕ್ಕ ಹಾಕು. ತಿಂಗಳಿಗೆ 26 ದಿನ ಕೆಲಸ, 4 ಭಾನುವಾರ. ಅದರಲ್ಲಿ ಒಂದು ಮದುವೆಗೆ ಹೋಗುತ್ತದೆ, ಇನ್ನೊಂದು ನಿದ್ದೆಗೆ. ಕೆಲಸಕ್ಕೇ ಸಾವಿರ ಕಿ.ಮೀ. ಓಡುತ್ತೀಯ. 200 ಸಿಸಿ ಗಾಡಿ ಲೀಟರ್‌ಗೆ 38 ಕೊಡುತ್ತದೆ ಅಂದುಕೋ, 125 ಆದರೆ 58. ತಿಂಗಳಿಗೆ 9 ಲೀಟರ್ ಪೆಟ್ರೋಲ್ ವ್ಯತ್ಯಾಸ, ಹತ್ತಿರ ಹತ್ತಿರ ಸಾವಿರ ರೂಪಾಯಿ. ಅದು ಕೊಡಲು ಆಗುತ್ತದೆ ಅಂದರೆ ಎಕ್ಸ್‌ಪಲ್ಸ್ ಸರಿಯಾದ ಗಾಡಿ. ಮುಂದೆ 21 ಇಂಚು ಚಕ್ರ, ಹಿಂದೆ 18. ನೆಲದಿಂದ 220 ಮಿ.ಮೀ. ಎತ್ತರ. ತೂಕ 160 ಕೆ.ಜಿ.ಯ ಒಳಗೆ. ಬಿದ್ದರೆ ಒಬ್ಬನೇ ಎತ್ತಬಹುದು. ಮೊದಲ ವರ್ಷ ಬೀಳುತ್ತೀಯ, ಅದರಲ್ಲಿ ಅನುಮಾನವೇ ಬೇಡ.

ಒಂದು ತೊಂದರೆ ಇದೆ. ಕಡ್ಡಿ ಚಕ್ರ, ಒಳಗೆ ಟ್ಯೂಬ್. ಶಿರಾ ರಸ್ತೆಯಲ್ಲಿ ರಾತ್ರಿ ಶಿಫ್ಟ್ ಮುಗಿಸಿ ಬರುವಾಗ ಪಂಚರ್ ಆದರೆ 21 ಇಂಚಿನ ಟ್ಯೂಬ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಒಂದು ಟ್ಯೂಬ್ ಸೀಟಿನ ಹಿಂದೆ ಕಟ್ಟಿಕೊಂಡೇ ಓಡಾಡು.

ಬಟವಾಡಿ: ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಹೇಗೆ ಅಣ್ಣ?

ಗ್ಯಾರೇಜ್ ಅಣ್ಣ: ಒಳ್ಳೆಯ ಗಾಡಿ. 450ರ ತೂಕ 196 ಕೆ.ಜಿ. ಮೊದಲ ಗಾಡಿಗೆ ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೇಲಿನದಕ್ಕೆ ಜಿಎಸ್‌ಟಿ ಶೇ. 40, ಅದರ ಒಳಗಿನದಕ್ಕೆ ಶೇ. 18. ಯೋಚನೆ ಮಾಡಿ.

ಕ್ಯಾತ್ಸಂದ್ರ: ಅಣ್ಣ, ನನ್ನ ಎತ್ತರ 5 ಅಡಿ 2 ಇಂಚು. ಆಸ್ಪತ್ರೆಯಲ್ಲಿ ಕೆಲಸ, ರಾತ್ರಿ ಪಾಳಿಯೂ ಇರುತ್ತದೆ. ಸ್ಕೂಟರ್ ಆರು ವರ್ಷ ಓಡಿಸಿದ್ದೇನೆ. ಗೇರ್ ಗಾಡಿ ಲೈಸೆನ್ಸ್ ಮಾಡಿಸಿದ್ದೇನೆ. ಮಣ್ಣುದಾರಿಗೆ ಅಂತ ಮಾಡಿದ ಈ ಟ್ರೇಲ್ ಗಾಡಿಗಳ ಸೀಟು ನನಗೆ ಎಟುಕುತ್ತದಾ?

ತಿಪಟೂರು: ಅಕ್ಕ, ಸ್ಕೂಟಿ ಸಾಕಲ್ವಾ? ಸುಮ್ನೆ ಯಾಕೆ ತೊಂದರೆ.

ಕ್ಯಾತ್ಸಂದ್ರ: ನಿಮ್ಮನ್ನು ಕೇಳಲಿಲ್ಲ.

ಗ್ಯಾರೇಜ್ ಅಣ್ಣ: ಅಕ್ಕ, ಎಟುಕುತ್ತದೆ. ಎರಡೂ ಪಾದ ಪೂರ್ತಿ ಊರುವುದಿಲ್ಲ, ಅಷ್ಟೇ. ಸೀಟಿನ ಎತ್ತರ 825 ಮಿ.ಮೀ. ಕಾಗದದಲ್ಲಿ ಹೆದರಿಸುತ್ತದೆ. ಆದರೆ ನೀವು ಕೂತ ಮೇಲೆ ಶಾಕ್ ಅಬ್ಸಾರ್ಬರ್ ಒಂದಿಷ್ಟು ಇಳಿಯುತ್ತದೆ, ಸೀಟೂ ಮುಂದೆ ಸಣ್ಣಗಿದೆ. ಎಡಗಾಲಿನ ಮುಂಭಾಗ ಗಟ್ಟಿಯಾಗಿ ನೆಲ ಮುಟ್ಟಿದರೆ ಸಾಕು. ಸಿಗ್ನಲ್‌ನಲ್ಲಿ ಎಡಗಾಲು ಕೆಳಗೆ, ಬಲಗಾಲು ಬ್ರೇಕ್ ಮೇಲೆ. ಒಂದು ವಾರದಲ್ಲಿ ರೂಢಿ ಆಗುತ್ತದೆ. ಶೋರೂಮಿಗೆ ನೀವು ದಿನಾ ಹಾಕುವ ಶೂ ಹಾಕಿಕೊಂಡೇ ಹೋಗಿ.

ಸೀಟಿನ ಫೋಮ್ ಒಂದು ಇಂಚು ಕೆತ್ತಿಸಬಹುದು, ಕುಷನ್ ಕೆಲಸದವರು ಮಾಡುತ್ತಾರೆ. ಆದರೆ ಶಾಕ್ ಇಳಿಸುವ ಲಿಂಕ್ ಹಾಕಿಸಬೇಡಿ. ಗಾಡಿ ತಗ್ಗುತ್ತದೆ, ಸೈಡ್ ಸ್ಟ್ಯಾಂಡ್ ಮಾತ್ರ ಅಷ್ಟೇ ಉದ್ದ ಉಳಿಯುತ್ತದೆ. ನಿಲ್ಲಿಸಿದ ಗಾಡಿ ನೆಟ್ಟಗೆ ನಿಂತು, ಗಾಳಿಗೇ ಆಚೆ ಕಡೆ ಬೀಳುತ್ತದೆ. ನನ್ನ ಗ್ಯಾರೇಜ್ ಮುಂದೆಯೇ ಒಂದು ಹೀಗೆ ಬಿದ್ದು ಪಕ್ಕದ ಎರಡು ಗಾಡಿಯ ಕನ್ನಡಿ ಒಡೆಯಿತು.

ಹೆಗ್ಗೆರೆ: ಇದು ಎಲ್ಲರಿಗೂ ಉಪಯೋಗ ಆಗಲಿ ಅಂತ ಹಾಕುತ್ತಿದ್ದೇನೆ. "ಪೆಟ್ರೋಲ್ ಟ್ಯಾಂಕ್‌ಗೆ 2 ನುಸಿಗುಳಿಗೆ ಹಾಕಿ, ಮೈಲೇಜ್ 10 ಕಿ.ಮೀ. ಹೆಚ್ಚುತ್ತದೆ. ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿಸಬೇಡಿ, ಸ್ಫೋಟ ಆಗುತ್ತದೆ. ಹತ್ತು ಜನರಿಗೆ ಕಳಿಸಿ."

ಗ್ಯಾರೇಜ್ ಅಣ್ಣ: ಅಡ್ಮಿನ್ ಮೊದಲೇ ಹೇಳಿದರಲ್ಲ ಸ್ವಾಮಿ. ನುಸಿಗುಳಿಗೆ ಪೆಟ್ರೋಲಿನಲ್ಲಿ ಕರಗುತ್ತದೆ, ನಿಜ. ಪೆಟ್ರೋಲ್ ಆವಿಯಾದ ಕಡೆ ಮತ್ತೆ ಹರಳಾಗಿ ಕೂರುತ್ತದೆ. ಈಗಿನ ಗಾಡಿಗಳಲ್ಲಿ ಕಾರ್ಬೊರೇಟರ್ ಇಲ್ಲ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಇದೆ. ಅದರ ತೂತು ಕೂದಲಿಗಿಂತ ತುಂಬಾ ದೊಡ್ಡದೇನಲ್ಲ. ಕಟ್ಟಿಕೊಂಡರೆ ನನಗೇ ಲಾಭ, ಬನ್ನಿ. ಟ್ಯಾಂಕ್ ಸ್ಫೋಟ ಅಂತೆ. 30 ವರ್ಷದಿಂದ ಬೇಸಿಗೆ ನೋಡುತ್ತಿದ್ದೇನೆ, ಒಂದೂ ಸ್ಫೋಟ ಆಗಲಿಲ್ಲ. ಕುತ್ತಿಗೆವರೆಗೆ ತುಂಬಿಸಬೇಡಿ, ಚೆಲ್ಲುತ್ತದೆ. ಅಷ್ಟೇ.

ಹೆಗ್ಗೆರೆ: ಒಳ್ಳೆಯದಕ್ಕೆ ಹಾಕಿದೆ. ಇಷ್ಟು ಖಾರ ಬೇಡ.

ಗುಬ್ಬಿ ಮೇಷ್ಟ್ರು: ಈಗಿನ ಹುಡುಗರಿಗೆ ಏನು ಗೊತ್ತು. ಯಮಹಾ ಆರ್‌ಎಕ್ಸ್ 100 ಇದ್ದರೆ ಬೇರೆ ಯಾವುದೂ ಬೇಡ. 98 ಸಿಸಿ, 103 ಕೆ.ಜಿ. ಇಬ್ಬರನ್ನು ಕೂರಿಸಿಕೊಂಡು ದೇವರಾಯನದುರ್ಗ ಹತ್ತುತ್ತಿದ್ದೆ, ಗೇರ್ ಇಳಿಸದೆ.

ಮಧುಗಿರಿ: ಮೇಷ್ಟ್ರೇ, ಹತ್ತುತ್ತಿದ್ದಿರಿ ಸರಿ. ಇಳಿಯುವಾಗ ಹೇಗೆ ನಿಲ್ಲಿಸುತ್ತಿದ್ದಿರಿ? ಎರಡೂ ಡ್ರಮ್ ಬ್ರೇಕ್.

ಗುಬ್ಬಿ ಮೇಷ್ಟ್ರು: ಓಡಿಸಲು ಬಂದರೆ ಬ್ರೇಕ್ ಜಾಸ್ತಿ ಬೇಕಾಗುವುದಿಲ್ಲ.

ಮಧುಗಿರಿ: 1996ರಲ್ಲೇ ನಿಂತುಹೋದ ಗಾಡಿ. 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ರಿನ್ಯೂವಲ್ ಮಾಡಿಸಬೇಕು. ಮೊದಲ ಗಾಡಿಗೆ ಅದನ್ನು ಹೇಳುತ್ತೀರಲ್ಲ.

ಗುಬ್ಬಿ ಮೇಷ್ಟ್ರು: ನನ್ನದು ಈಗಲೂ ಒಂದೇ ಕಿಕ್‌ಗೆ ಸ್ಟಾರ್ಟ್ ಆಗುತ್ತದೆ. ನಿಮ್ಮದು ಬ್ಯಾಟರಿ ಸತ್ತರೆ ಏನು ಮಾಡುತ್ತೀರಿ?

ತಿಪಟೂರು: ಎಜ್ಡಿ ಬಗ್ಗೆ ಯಾರೂ ಮಾತಾಡುವುದಿಲ್ಲ. ನಮ್ಮ ಮೈಸೂರಿನ ಗಾಡಿ.

ಮಧುಗಿರಿ: ಮುಗಿಯಿತು.

ಊರುಕೆರೆ ಹುಡುಗ: ಅಣ್ಣ, ನನಗೆ 19. ಮೊದಲ ಗಾಡಿ. ಸೆಕೆಂಡ್ ಹ್ಯಾಂಡ್ 200 ಸಿಸಿ ಟ್ರೇಲ್ ಗಾಡಿ 65,000ಕ್ಕೆ ಸಿಗುತ್ತಿದೆ. ಬೇರೆ ಕಡೆ ಅದೇ ವರ್ಷದ್ದು ಲಕ್ಷದ ಹತ್ತಿರ ಹೇಳುತ್ತಾರೆ. 5,000 ಟೋಕನ್ ಕೊಟ್ಟಿದ್ದೇನೆ. ಮುಂದಿನ ಚಕ್ರ ಹಿಡಿಯುವ ಫೋರ್ಕಿನಲ್ಲಿ, ಎಡಗಡೆ, ಸ್ವಲ್ಪ ಆಯಿಲ್ ಜಿನುಗುತ್ತದೆ. 70 ದಾಟಿದರೆ ಹ್ಯಾಂಡಲ್ ಅಲ್ಲಾಡುತ್ತದೆ. ಟಯರ್ ಬದಲಾಯಿಸಿದರೆ ಸರಿಹೋಗುತ್ತದೆ ಅಂತಾರೆ.

ಗ್ಯಾರೇಜ್ ಅಣ್ಣ: ನಿಲ್ಲು. ಮಿಕ್ಕ ದುಡ್ಡು ಕೊಡಬೇಡ. ಹೆಡ್‌ಲೈಟ್ ಹಿಂದೆ, ಹ್ಯಾಂಡಲ್ ಕಂಬ ಚಾಸಿಗೆ ಸೇರುವ ಜಾಗ ಇದೆಯಲ್ಲ, ಟಾರ್ಚ್ ಬಿಟ್ಟು ಅಲ್ಲಿಯ ಫೋಟೋ ತೆಗೆದು ಹಾಕು. ಎರಡೂ ಪಕ್ಕದ್ದು.

ಬಟವಾಡಿ: ಹಿಮಾಲಯನ್ ಹಳೆಯ 411 ಸೆಕೆಂಡ್ ಹ್ಯಾಂಡ್ ಹೇಗೆ?

ಗ್ಯಾರೇಜ್ ಅಣ್ಣ: ಅದು 199 ಕೆ.ಜಿ. ಮೇಲೆ ಹೇಳಿದ್ದೇ.

ಸಿದ್ದಗಂಗಾ ಬಡಾವಣೆ: ಎಲೆಕ್ಟ್ರಿಕ್ ಬೈಕ್ ಹೇಗೆ ಅಣ್ಣ? ಮಣ್ಣುದಾರಿಗೆ ಆಗುತ್ತದಾ?

ಕೋರಾ: ಕೆರೆ ಕೋಡಿ ಬಿದ್ದಾಗ ರಸ್ತೆ ಮೇಲೆ ನೀರು ಹರಿಯುತ್ತದಲ್ಲ, ಅದರಲ್ಲಿ ಗಾಡಿ ಎಷ್ಟು ಆಳದವರೆಗೆ ಹೋಗುತ್ತದೆ?

ಗ್ಯಾರೇಜ್ ಅಣ್ಣ: ಹರಿಯುವ ನೀರಿಗೆ ಇಳಿಯಲೇಬೇಡಿ, ಮೊಣಕಾಲುದ್ದ ಇದ್ದರೂ ಚಕ್ರ ತಳ್ಳಿಕೊಂಡು ಹೋಗುತ್ತದೆ. ನಿಂತ ನೀರಾದರೆ ಮೊದಲು ನಡೆದು ನೋಡಿ. ಚಕ್ರದ ಆಕ್ಸಲ್ ಮುಳುಗದಿದ್ದರೆ ಹೋಗಬಹುದು. ಒಳಗೆ ಎಂಜಿನ್ ನಿಂತರೆ ಸೆಲ್ಫ್ ಒತ್ತಬೇಡಿ. ಗಾಳಿಯ ಜಾಗದಲ್ಲಿ ನೀರು ಹೊಕ್ಕಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬೆಂಡ್ ಆಗುತ್ತದೆ. ತಳ್ಳಿಕೊಂಡು ಬನ್ನಿ, ಪ್ಲಗ್ ಬಿಚ್ಚಿ, ಎಂಜಿನ್ ತಿರುಗಿಸಿ ನೀರು ಹೊರಗೆ ಹಾಕಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸದೆ ಓಡಿಸಬೇಡಿ.

ಹೆಗ್ಗೆರೆ: ಅಕ್ಕಿ ಮೂಟೆಯಲ್ಲಿ ಪ್ಲಗ್ ಇಟ್ಟರೆ ಒಣಗುತ್ತದೆ ಅಂತ ಬಂದಿತ್ತು.

ಗ್ಯಾರೇಜ್ ಅಣ್ಣ: ಅದು ಪ್ಲಗ್ ಕಣ್ರಿ, ಮೊಬೈಲ್ ಅಲ್ಲ. ಬಟ್ಟೆಯಲ್ಲಿ ಒರೆಸಿ.

ಊರುಕೆರೆ ಹುಡುಗ: ಅಣ್ಣ ಫೋಟೋ ಹಾಕಿದ್ದೇನೆ. ಪೇಂಟ್ ಸ್ವಲ್ಪ ಹೊಸದು ಕಾಣುತ್ತದೆ ಅಷ್ಟೇ.

ಗ್ಯಾರೇಜ್ ಅಣ್ಣ: ತಮ್ಮ, ಸಮಾಧಾನವಾಗಿ ಓದು. ಅಪ್ಪನಿಗೂ ಓದಿ ಹೇಳು.

ಎರಡನೇ ಫೋಟೋದಲ್ಲಿ ಕೆಳಗಿನ ಪೈಪ್ ನೋಡು. ಎಡಗಡೆ ಪೇಂಟ್ ಸುಕ್ಕುಗಟ್ಟಿದೆ, ಹಳೆಯ ಮಾವಿನಹಣ್ಣಿನ ಸಿಪ್ಪೆ ಹಾಗೆ. ಬಲಗಡೆ ನಯವಾಗಿದೆ. ಪೈಪ್ ಒಳಕ್ಕೆ ಮಡಿಚಿದ್ದರೆ ಮಾತ್ರ ಹಾಗೆ ಆಗುತ್ತದೆ. ಅದರ ಮೇಲಿನ ವೆಲ್ಡಿಂಗ್ ಗೆರೆ ಕಂಪನಿಯದಲ್ಲ. ಕಂಪನಿಯದು ಒಂದರ ಮೇಲೊಂದು ನಾಣ್ಯ ಒರಗಿಸಿದ ಹಾಗೆ ಸಮನಾಗಿ ಇರುತ್ತದೆ. ಇದು ಮೇಣ ಸುರಿದ ಹಾಗಿದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ತಡೆಯುವ ಗುಬುಟು ಇದೆಯಲ್ಲ, ಅದೂ ಒಂದು ಕಡೆ ಜಜ್ಜಿದೆ. ಈ ಗಾಡಿ ಮುಂದಿನಿಂದ ಯಾವುದಕ್ಕೋ ಜೋರಾಗಿ ಗುದ್ದಿದೆ. ಚಾಸಿ ಬೆಂಡ್ ತೆಗೆಸಿ, ವೆಲ್ಡ್ ಮಾಡಿಸಿ, ಪೇಂಟ್ ಹೊಡೆಸಿದ್ದಾರೆ.

ಫೋರ್ಕ್ ಆಯಿಲ್ ಅಂದೆಯಲ್ಲ. ಸೀಲ್ ಹೋಗಿದ್ದರೆ ಬದಲಾಯಿಸುವುದು ದೊಡ್ಡ ಮಾತಲ್ಲ. ಆದರೆ ಒಳಗಿನ ಪೈಪೇ ಕೂದಲಷ್ಟು ಬೆಂಡ್ ಇದ್ದರೆ ಹೊಸ ಸೀಲೂ ಸ್ವಲ್ಪ ದಿನಕ್ಕೆ ಹೋಗುತ್ತದೆ. 70ರಲ್ಲಿ ಅಲ್ಲಾಡುವುದಕ್ಕೆ ಟಯರ್ ಕಾರಣ ಇರಬಹುದು, ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್ ಇರಬಹುದು, ಕಡ್ಡಿ ಚಕ್ರ ಓರೆ ಇರಬಹುದು. ಇವೆಲ್ಲ ಸರಿ ಮಾಡಬಹುದು. ಆದರೆ ಈ ಸುಕ್ಕಿನ ಜೊತೆ ನೋಡಿದರೆ ನನಗೆ ಆ ಧೈರ್ಯ ಇಲ್ಲ. ವೆಲ್ಡ್ ಶಾಖ ತಗುಲಿದ ಪಕ್ಕದಲ್ಲೇ ಕಬ್ಬಿಣ ಸೊರಗಿರುತ್ತದೆ. ಡಾಂಬರಿನ ಮೇಲೆ ಎಷ್ಟೋ ದಿನ ಗೊತ್ತಾಗುವುದಿಲ್ಲ. ನೀನು ತಗೊಳ್ಳುವುದೇ ಬದು ಹಾರಿಸಲು. ಒಂದೊಂದು ಸಲ ಇಳಿದಾಗಲೂ ಹೊಡೆತ ಬೀಳುವುದು ಅದೇ ಜಾಗಕ್ಕೆ.

ಕೆಲವು ವರ್ಷದ ಹಿಂದೆ ಇಂಥದೇ ಒಂದು ಗಾಡಿ ಬಂದಿತ್ತು. ಹುಡುಗ ಚೈನ್ ಟೈಟ್ ಮಾಡಿಸಲು ಬಂದಿದ್ದ. ಟ್ಯಾಂಕ್ ಕೆಳಗೆ ಕೂದಲಿನಂಥ ಒಂದು ಗೆರೆ ಕಂಡಿತು. ಧೂಳು ಅಂದುಕೊಂಡು ಉಗುರಿನಲ್ಲಿ ಕೆರೆದೆ. ಪೇಂಟ್ ಚೂರು ಉದುರಿತು, ಉಗುರು ಒಳಗೆ ಇಳಿಯಿತು, ತುದಿಯಲ್ಲಿ ತುಕ್ಕು ಹತ್ತಿತು. ಅವನು ಆವತ್ತು ಬೆಳಗ್ಗೆ ಬೆಂಗಳೂರಿನಿಂದ 80ರಲ್ಲಿ ಬಂದಿದ್ದ. ಗಾಡಿ ಕೀ ನಾನು ವಾಪಸ್ ಕೊಡಲಿಲ್ಲ, ಅವರ ಮಾವ ಬಂದು ಜಗಳ ಆಡಿದರು.

ಹೊಸ ಚಾಸಿ ಹಾಕಿಸಬಹುದಲ್ಲ ಅನ್ನಬೇಡ. ಚಾಸಿ ನಂಬರ್ ಬದಲಾದರೆ ಆರ್‌ಟಿಒದಲ್ಲಿ ದಾಖಲಿಸಬೇಕು. ಅಷ್ಟರಲ್ಲಿ ಉಳಿಸಿದ 35,000 ಎಲ್ಲಿಗೆ ಹೋಯಿತು ಅಂತ ಗೊತ್ತಾಗುವುದಿಲ್ಲ.

ಬೇರೆ ಸೆಕೆಂಡ್ ಹ್ಯಾಂಡ್ ನೋಡುವಾಗ ಇಷ್ಟು ಮಾಡು. ಮುಂದಿನ ಚಕ್ರ ನೆಲ ಬಿಡುವ ಹಾಗೆ ಎತ್ತಿಸಿ, ಹ್ಯಾಂಡಲ್ ಮೆಲ್ಲಗೆ ತಿರುಗಿಸು. ನಡುವೆ ಎಲ್ಲೋ ಹಲ್ಲು ಕಚ್ಚಿದ ಹಾಗೆ ಆದರೆ ಕೋನ್ ಸೆಟ್ ಹೋಗಿದೆ. ಎದುರಿಗೆ ನಿಂತು ಚಕ್ರವನ್ನು ಮೊಣಕಾಲಿನ ನಡುವೆ ಹಿಡಿದು ನೋಡು, ಚಕ್ರ ನೇರ ಇದ್ದಾಗ ಹ್ಯಾಂಡಲ್ ಓರೆ ಇರಬಾರದು. ಆರ್‌ಸಿಯಲ್ಲಿ ಸಾಲದ ಬ್ಯಾಂಕ್ ಹೆಸರು ಉಳಿದಿದೆಯಾ ನೋಡು, ಉಳಿದಿದ್ದರೆ ಸಾಲ ತೀರಿದೆ ಅಂತ ಬ್ಯಾಂಕ್ ಕೊಡುವ ಎನ್‌ಒಸಿ ಇಲ್ಲದೆ ದುಡ್ಡು ಬಿಚ್ಚಬೇಡ. ಇನ್ಶೂರೆನ್ಸ್ ಕ್ಲೇಮ್ ಆಗಿತ್ತಾ ಅಂತ ಮಾರುವವರ ಮುಖ ನೋಡಿಕೊಂಡು ಕೇಳು.

ಊರುಕೆರೆ ಹುಡುಗ: ಟೋಕನ್ 5,000 ಹೋಗುತ್ತದಲ್ಲ ಅಣ್ಣ.

ಗ್ಯಾರೇಜ್ ಅಣ್ಣ: ಹೋಗಲಿ ಕಣಪ್ಪ.

ತಿಪಟೂರು: ಫೋಟೋ ನೋಡಿ ಹೇಗೆ ಹೇಳುತ್ತೀರಿ? ಮಾರುವವರ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ?

ಗ್ಯಾರೇಜ್ ಅಣ್ಣ: ಗಾಡಿ ಕರೆಸಿ, ಎದುರಿಗೇ ಟ್ಯಾಂಕ್ ಬಿಚ್ಚುತ್ತೇನೆ. ನನ್ನ ಮಾತು ಸುಳ್ಳಾದರೆ ಆ 65,000 ನಾನು ಕೊಟ್ಟು ತಗೊಳ್ಳುತ್ತೇನೆ. ನೀವು ಮಾರುವವರಿಗೆ ಏನಾಗಬೇಕು?

ತಿಪಟೂರು: ಏನೂ ಆಗಬೇಕಾಗಿಲ್ಲ. ಸುಮ್ನೆ ಕೇಳಿದೆ.

ಶೆಟ್ಟಿಹಳ್ಳಿ ಹುಡುಗ: ಅಣ್ಣ, ದೇವರಾಯನದುರ್ಗ ಕಾಡಿನ ಒಳಗೆ, ನಾಮದ ಚಿಲುಮೆ ಹಿಂದೆ ಒಳ್ಳೆಯ ಜಾಡು ಇದೆಯಂತೆ. ಬೆಳಗ್ಗೆ ಬೇಗ ಹೋದರೆ ಯಾರೂ ಕೇಳುವುದಿಲ್ಲ ಅಂತಾರೆ.

ಗ್ಯಾರೇಜ್ ಅಣ್ಣ: ಬೇಡ. ಅದು ಅರಣ್ಯ. ಅನುಮತಿ ಇಲ್ಲದೆ ಗಾಡಿ ನುಗ್ಗಿಸಿದರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕೇಸ್. ಚಿರತೆ, ಕರಡಿ ಇರುವ ಜಾಗ ಬೇರೆ. ಡಾಂಬರ್ ರಸ್ತೆ ಬಿಟ್ಟು ಇಳಿಯಬೇಡಿ. ಹಳ್ಳಿಗಳ ನಡುವಿನ ಬಂಡಿ ಜಾಡು ಎಷ್ಟು ಬೇಕಾದರೂ ಇದೆ.

ಕೊರಟಗೆರೆ ರೈತ: ಬಂಡಿ ಜಾಡು ಅಂತ ಹೇಳಿಬಿಟ್ಟಿರಲ್ಲ. ಹೋದ ತಿಂಗಳು ನಾಲ್ಕು ಗಾಡಿ ನಮ್ಮ ಅಡಿಕೆ ತೋಟದ ಬದು ಮೇಲೆ ಬಂದು ಡ್ರಿಪ್ ಪೈಪ್ ತುಳಿದು ಹೋದವು. ಎರಡು ದಿನ ನೀರು ಒಂದೇ ಕಡೆ ಹರಿದಿದೆ. ಇದು ಟ್ರೇಲ್ ಅಂತೆ.

ಮಧುಗಿರಿ: ಎಲ್ಲರೂ ಹಾಗೆ ಮಾಡುವುದಿಲ್ಲ ಯಜಮಾನರೇ.

ಕೊರಟಗೆರೆ ರೈತ: ಮಾಡದವರು ನಮ್ಮ ಕಡೆ ಬರುವುದೇ ಇಲ್ಲ, ಅವರನ್ನು ನಾನು ಹೇಗೆ ನೋಡಲಿ?

ಬಟವಾಡಿ: ರೈತರು ರಸ್ತೆ ಮೇಲೆ ರಾಗಿ, ಹುರುಳಿ ಹರಡುವುದು ಸರಿಯಾ? ಜಾರಿ ಬಿದ್ದವರ ಲೆಕ್ಕ ಇದೆಯಾ?

ಕೊರಟಗೆರೆ ರೈತ: ಕಣ ನಿಮ್ಮ ಲೇಔಟ್ ಆಯಿತು ಸ್ವಾಮಿ.

ಅಡ್ಮಿನ್: ಇಬ್ಬರೂ ಇಲ್ಲಿಗೆ ಬಿಡಿ. ಗಾಡಿ ವಿಷಯ ಮಾತ್ರ.

ಗ್ಯಾರೇಜ್ ಅಣ್ಣ: ಒಕ್ಕಣೆ ವಿಷಯ ಬಂದಿದ್ದಕ್ಕೆ ಒಂದು ಮಾತು. ಹುಲ್ಲಿನ ಮೇಲೆ ಬ್ರೇಕ್ ಹಿಡಿಯಬೇಡಿ, ದಾಟುವ ಮೊದಲೇ ನಿಧಾನ ಮಾಡಿ. ದಾಟಿದ ಮೇಲೆ ಇಳಿದು ನೋಡಿ. ಹುರುಳಿ ಬಳ್ಳಿ ಹಿಂದಿನ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್‌ಗೆ ತಗುಲಿದರೆ ಹೊತ್ತಿಕೊಳ್ಳುತ್ತದೆ. ಯಜಮಾನರೇ, ಪೈಪ್ ವಿಷಯ ನೀವು ಹೇಳಿದ್ದು ಸರಿ. ಬದು ಹಾರಿಸು ಅಂತ ಮೇಲೆ ನಾನೇ ಬರೆದಿದ್ದೇನೆ, ಅದು ತಪ್ಪು.

ಹೆಗ್ಗೆರೆ: ಚೈನ್‌ಗೆ ಹಳೆಯ ಎಂಜಿನ್ ಆಯಿಲ್ ಹಾಕಿದರೆ...

ಗ್ಯಾರೇಜ್ ಅಣ್ಣ: ಬೇಡ. ಮಣ್ಣು ಮೆತ್ತಿಕೊಂಡು ಉಪ್ಪುಕಾಗದದ ಹಾಗೆ ತೇಯುತ್ತದೆ. ಪೆಟ್ರೋಲಿನಲ್ಲೂ ತೊಳೆಯಬೇಡಿ, ಒಳಗಿನ ರಬ್ಬರ್ ರಿಂಗ್ ಹೋಗುತ್ತದೆ. ಚೈನ್ ಲೂಬ್ ಅಂತಲೇ ಸಿಗುತ್ತದೆ.

ಬಟವಾಡಿ: ಕೊನೆಯ ಪ್ರಶ್ನೆ. ಹಿಮಾಲಯನ್ ಲೋನ್ ಮೇಲೆ ತಗೊಂಡರೆ ಬಡ್ಡಿ ಎಷ್ಟು ಬೀಳಬಹುದು?

ಊರುಕೆರೆ ಹುಡುಗ: ಅಣ್ಣ, ಗಾಡಿ ಬೇಡ ಅಂತ ಹೇಳಲು ಫೋನ್ ಮಾಡಿದೆ. ಅವರು ತೆಗೆಯುತ್ತಿಲ್ಲ. ಅಪ್ಪ ಬೈಯುತ್ತಿದ್ದಾರೆ.

ಗ್ಯಾರೇಜ್ ಅಣ್ಣ: ಬೈಯಲಿ, ಕೇಳಿಸಿಕೋ. ನಾಳೆ 10ಕ್ಕೆ ಅಪ್ಪನನ್ನು ಕರ್ಕೊಂಡು ಬಾ. ನನ್ನ ಹತ್ತಿರ ಒಂದು ಹಳೆಯ 125 ಇದೆ, ಚಾಸಿ ನೇರ ಇದೆ, ಆರ್‌ಸಿ ಸರಿ ಇದೆ. ತಗೊಳ್ಳಬೇಕು ಅಂತ ಏನೂ ಇಲ್ಲ. ಆರು ತಿಂಗಳು ಅದರಲ್ಲಿ ಕಾಲೇಜಿಗೆ ಹೋಗು, ಆಮೇಲೆ ನೋಡೋಣ. ಹೆಲ್ಮೆಟ್ ಇದೆಯಾ?

ಊರುಕೆರೆ ಹುಡುಗ: ಅರ್ಧದ್ದು ಇದೆ.

ಗ್ಯಾರೇಜ್ ಅಣ್ಣ: ಅದನ್ನು ಮನೆಯಲ್ಲೇ ಬಿಟ್ಟು, ಆಟೋದಲ್ಲಿ ಬಾ.

ಸಿದ್ದಗಂಗಾ ಬಡಾವಣೆ: ಎಲೆಕ್ಟ್ರಿಕ್ ಬಗ್ಗೆ ಕೇಳಿದ್ದೆ.