‘ನಮ್ಮ ವಂಶದ ರಕ್ತ ಗಟ್ಟಿ’: ಮನೆಯವರ ಗುಂಪಿನಲ್ಲಿ ಒಂದು ಸಂಜೆ

ದೊಡ್ಡಪ್ಪ (ಫಾರ್ವರ್ಡ್): “ವೈರಸ್ ಯಾರನ್ನು ಮಲಗಿಸುತ್ತದೆ ಎಂಬುದು ಹುಟ್ಟುವಾಗಲೇ ಜೀನ್‌ನಲ್ಲಿ ಬರೆದಿರುತ್ತದೆ. ಒಳ್ಳೆ ಜೀನ್ ಇರುವ ಮನೆತನಕ್ಕೆ ಲಸಿಕೆ ಬೇಡ. ತಪ್ಪದೇ ಎಲ್ಲರಿಗೂ ಕಳಿಸಿ.”

ದೊಡ್ಡಪ್ಪ: ಓದಿ ಎಲ್ಲರೂ. ನಾನು ಮೊದಲಿಂದ ಹೇಳುತ್ತಿದ್ದೆ, ನಮ್ಮ ವಂಶದ ರಕ್ತ ಗಟ್ಟಿ ಅಂತ. 2021ರಲ್ಲಿ ಕೋವಿಡ್ ಬಂದಾಗ ನನಗೆ ಎರಡೇ ದಿನ ಜ್ವರ.

ಅತ್ತೆ: ಹೌದು ಅಣ್ಣ. ಅಪ್ಪ ಹಾಸಿಗೆ ಹಿಡಿದದ್ದನ್ನು ನಾನು ನೋಡೇ ಇಲ್ಲ.

ನಾನು: ದೊಡ್ಡಪ್ಪ, ನಮ್ಮಪ್ಪನೂ ಇದೇ ವಂಶದವರು ಅಲ್ವಾ? ಅದೇ ಮನೆ, ಅದೇ ವಾರ. ಅವರು 12 ದಿನ ಆಕ್ಸಿಜನ್ ಮೇಲಿದ್ದರು.

ದೊಡ್ಡಪ್ಪ: ಅದು ಬೇರೆ ಮಾತು ಪುಟ್ಟಿ. ಅವನು ಮೈ ಕಡೆ ಗಮನ ಕೊಡಲಿಲ್ಲ. ನಿದ್ದೆ ಇಲ್ಲ, ನಡಿಗೆ ಇಲ್ಲ.

ನಾನು: ನೀವು ಬೇಗ ಎದ್ದರೆ ರಕ್ತದ ಗುಣ, ಅಪ್ಪ ಮಲಗಿದರೆ ಅಪ್ಪನ ತಪ್ಪು. ಎರಡೂ ಹೇಗೆ ಸರಿಯಾಗುತ್ತದೆ? ಅವತ್ತಿನಿಂದ ಈ ಮಾತು ಕೇಳುತ್ತಲೇ ಇದ್ದೇನೆ. ಅಪ್ಪ ಏನೂ ಹೇಳುವುದಿಲ್ಲ. ಇವತ್ತು ನನಗೆ ಸುಮ್ನೆ ಇರೋಕೆ ಆಗುತ್ತಿಲ್ಲ.

ಅತ್ತೆ: ಬೇಜಾರು ಮಾಡಿಕೊಳ್ಳಬೇಡ ಕಣೆ. ನನ್ನ ಕೇಳಿದರೆ ಜೀನ್ ಗೀನ್ ಏನೂ ಇಲ್ಲ. ಬೆಳೆದ ರೀತಿ, ಶಿಸ್ತು, ಅಷ್ಟೇ.

ನಾನು: ಜೀನ್ ಪಾತ್ರ ಇದೆ ಅತ್ತೆ. ಡೆನ್ಮಾರ್ಕ್‌ನಲ್ಲಿ ದತ್ತು ಹೋದ ಮಕ್ಕಳ ದಾಖಲೆ ಹಿಡಿದು ಒಂದು ಅಧ್ಯಯನ ಮಾಡಿದರು, 1988ರಲ್ಲಿ ಪ್ರಕಟವಾಯಿತು. 960 ಕುಟುಂಬಗಳು. ಹೆತ್ತ ತಂದೆಯೋ ತಾಯಿಯೋ 50 ವರ್ಷದ ಒಳಗೆ ಸೋಂಕಿನಿಂದ ತೀರಿಕೊಂಡಿದ್ದರೆ, ಮಗುವೂ ಸೋಂಕಿನಿಂದ ಸಾಯುವ ಅಪಾಯ ಸುಮಾರು 6 ಪಟ್ಟು ಇತ್ತು. ಸಾಕಿದವರು ಸೋಂಕಿನಿಂದ ತೀರಿಕೊಂಡಿದ್ದರೆ ಅಂಥ ನಂಟು ಕಾಣಲಿಲ್ಲ. ಆ ಮಕ್ಕಳು ಬೆಳೆದದ್ದು ಸಾಕಿದವರ ಮನೆಯಲ್ಲೇ.

ದೊಡ್ಡಪ್ಪ: ನೋಡಿ! ನಾನು ಕಳಿಸಿದ್ದೂ ಇದನ್ನೇ.

ನಾನು: ಅಲ್ಲ ದೊಡ್ಡಪ್ಪ. ಜೀನ್ ಇದೆ ಅನ್ನೋದು ನಿಜ. ‘ಒಳ್ಳೆ ವಂಶ’ ಅನ್ನೋದು ಸುಳ್ಳು. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಅಜ್ಜ ಅಜ್ಜಿಯ ಜೀನ್‌ಗಳು ಎಲ್ಲ ಮಕ್ಕಳಿಗೂ ಒಂದೇ ಥರ ಬರುವುದಿಲ್ಲ. ಪ್ರತಿ ಮಗುವಿಗೂ ಹೊಸದಾಗಿ ಇಸ್ಪೀಟ್ ಎಲೆ ಕಲಸಿ ಹಂಚಿದ ಹಾಗೆ. ಅಣ್ಣ ತಮ್ಮಂದಿರಲ್ಲಿ ಸರಾಸರಿ ಅರ್ಧದಷ್ಟು ಹೊಂದುತ್ತದೆ. ಉಳಿದದ್ದು ಬೇರೆ. ಕೋವಿಡ್‌ನಲ್ಲೇ ನೋಡಿ. ಜೀನ್‌ಗಳನ್ನು ಹೊತ್ತ ಎಳೆಗೆ ಕ್ರೋಮೋಸೋಮ್ ಅಂತಾರೆ. 3ನೇ ಕ್ರೋಮೋಸೋಮ್‌ನಲ್ಲಿ ಕೆಲವರಿಗೆ ಒಂದು ತುಂಡು ಇರುತ್ತದೆ, ಅದಿದ್ದವರಿಗೆ ಕಾಯಿಲೆ ಜೋರಾಗುವ ಅಪಾಯ ಜಾಸ್ತಿ. ಅದು ನಿಯಾಂಡರ್ಥಾಲ್ ಎಂಬ, ಈಗ ಅಳಿದುಹೋದ ಪ್ರಾಚೀನ ಮಾನವರಿಂದ ನಮಗೆ ಬಂದದ್ದು ಅಂತ 2020ರಲ್ಲಿ ಹ್ಯೂಗೋ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ ಎಂಬ ವಿಜ್ಞಾನಿಗಳು ತೋರಿಸಿದರು. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ ಅದು ಇದೆ. ಯುರೋಪಿನಲ್ಲಿ ಸುಮಾರು 16%. ತಂದೆ ತಾಯಿಯಲ್ಲಿ ಒಬ್ಬರಲ್ಲಿ ಮಾತ್ರ ಅದರ ಒಂದು ಪ್ರತಿ ಇದ್ದರೆ, ಒಂದು ಮಗುವಿಗೆ ಬರಬಹುದು, ಇನ್ನೊಂದಕ್ಕೆ ಬಾರದೇ ಇರಬಹುದು. ಅಪ್ಪನಲ್ಲಿ ಅದಿದೆ ಅಂತ ನಾನು ಹೇಳುತ್ತಿಲ್ಲ, ಯಾರೂ ಪರೀಕ್ಷೆ ಮಾಡಿಸಿಲ್ಲ. ಒಂದೇ ಮನೆಯಲ್ಲಿ ಇಷ್ಟು ವ್ಯತ್ಯಾಸ ಆಗೋಕೆ ಯಾರೂ ತಪ್ಪು ಮಾಡಿರಬೇಕಿಲ್ಲ ಅನ್ನೋದಷ್ಟೇ ನನ್ನ ಮಾತು.

ಇನ್ನೊಂದು ವಿಷಯ. ಅದೇ ತುಂಡು ಇದ್ದವರಿಗೆ ಎಚ್‌ಐವಿ ತಗಲುವ ಅಪಾಯ ಸುಮಾರು 27% ಕಡಿಮೆ ಅಂತ 2022ರಲ್ಲಿ ಝೆಬರ್ಗ್ ಅವರೇ ಬರೆದರು. ಈಗ ಅದನ್ನು ಒಳ್ಳೆಯದು ಅನ್ನೋಣವೋ ಕೆಟ್ಟದ್ದು ಅನ್ನೋಣವೋ?

ಅಣ್ಣ: ಆದರೆ ಎಚ್‌ಐವಿ ಅಂಟದ ಜನರೇ ಇದ್ದಾರಲ್ಲ. ಅದು ಪಕ್ಕಾ ಒಳ್ಳೆ ಜೀನ್ ತಾನೇ?

ನಾನು: ಸಿಸಿಆರ್5 ಕೇಳುತ್ತಿದ್ದೀಯ. ಎಚ್‌ಐವಿ ಜೀವಕೋಶದೊಳಗೆ ಹೋಗೋಕೆ ಸಾಮಾನ್ಯವಾಗಿ ಬಳಸುವ ಬಾಗಿಲು ಅದು. ಕೆಲವರಲ್ಲಿ ಆ ಬಾಗಿಲನ್ನು ಮಾಡುವ ಜೀನ್‌ನಿಂದ ಡಿಎನ್‌ಎಯ 32 ಅಕ್ಷರ ಬಿಟ್ಟುಹೋಗಿರುತ್ತವೆ. ತಂದೆ ತಾಯಿ ಇಬ್ಬರಿಂದಲೂ ಹಾಗೇ ಬಂದರೆ ಬಾಗಿಲೇ ಇರುವುದಿಲ್ಲ. ಆದರೆ ಅದೇ ಜನರಿಗೆ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್ ತಗುಲಿದರೆ ಕಾಯಿಲೆ ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ಒಂದು ವೈರಸ್‌ಗೆ ಗೋಡೆ, ಇನ್ನೊಂದಕ್ಕೆ ಕಿಂಡಿ.

ಅತ್ತೆ: ಅಬ್ಬಾ, ಇಷ್ಟೆಲ್ಲ ಇದೆಯಾ.

ಅಣ್ಣ: ಹಾಗಾದರೆ ಎಲ್ಲರೂ ಜೀನ್ ಟೆಸ್ಟ್ ಮಾಡಿಸಿಬಿಡೋಣ.

ನಾನು: ಸುಮ್ನೆ ಮಾಡಿಸೋದು ಬೇಡ ಅಂತ ನನಗನ್ನಿಸುತ್ತದೆ. ಹೆಚ್ಚಿನವರಲ್ಲಿ ವಯಸ್ಸು, ಸಕ್ಕರೆ ಕಾಯಿಲೆ, ಹಿಂದೆ ಆದ ಸೋಂಕು ಇವೇ ಜಾಸ್ತಿ ಹೇಳುತ್ತವೆ. ಡೆಂಗಿಯಲ್ಲಿ 4 ಬಗೆ ಇವೆ. ಎರಡನೇ ಸಲ ಬೇರೆ ಬಗೆ ತಗುಲಿದರೆ ಅಪಾಯ ಹೆಚ್ಚು. ಅದಕ್ಕೆ ಜೀನ್ ಕಾರಣ ಆಗಬೇಕಿಲ್ಲ. ಚಿಕ್ಕ ವಯಸ್ಸಿನವರು, ಬೇರೆ ಕಾಯಿಲೆ ಏನೂ ಇಲ್ಲದವರು, ಸಾಮಾನ್ಯ ವೈರಸ್‌ಗೆ ಐಸಿಯು ಸೇರಿದರೆ ಆಗ ಡಾಕ್ಟರ್ ಹುಡುಕಬೇಕು. 2020ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹಾಗೇ ಆಯಿತು. ಎರಡು ಕುಟುಂಬ, ಎರಡೆರಡು ಸಹೋದರರು. ಗಟ್ಟಿಮುಟ್ಟಾದ ಹುಡುಗರು. ನಾಲ್ವರಿಗೂ ಕೋವಿಡ್ ಜೋರಾಯಿತು, ಒಬ್ಬ ತೀರಿಕೊಂಡ. ವೈರಸ್ ಬಂದದ್ದನ್ನು ಗುರುತಿಸಲು ಬೇಕಾದ ಟಿಎಲ್ಆರ್7 ಎಂಬ ಜೀನ್ ಕೆಟ್ಟಿತ್ತು. ಅದು ಎಕ್ಸ್ ಕ್ರೋಮೋಸೋಮ್ ಮೇಲಿದೆ, ಗಂಡಸರಿಗೆ ಅದು ಒಂದೇ ಇರುವುದರಿಂದ ಬದಲಿ ಪ್ರತಿ ಇಲ್ಲ.

ದೊಡ್ಡಪ್ಪ: ಸರಿ, ಒಪ್ಪಿದೆ. ಆದರೆ ಹುಟ್ಟುತ್ತಲೇ ಬಂದದ್ದನ್ನು ಲಸಿಕೆ ಬದಲಿಸುತ್ತದೆಯೇ? ಅದಕ್ಕೆ ಉತ್ತರ ಕೊಡು.

ನಾನು: ಜೀನ್ ಬದಲಾಗುವುದಿಲ್ಲ ದೊಡ್ಡಪ್ಪ. ಆದರೂ ಲಸಿಕೆ ಕೆಲಸಕ್ಕೆ ಬರುತ್ತದೆ. ಫ್ರಾನ್ಸಿನ ಒಂದು ಹೆಣ್ಣು ಮಗು, ಎರಡೂವರೆ ವರ್ಷ. ಎಲ್ಲ ಮಕ್ಕಳಿಗೂ ಬರುವ ಫ್ಲೂ ಬಂತು, ಉಸಿರಾಟವೇ ನಿಲ್ಲುವ ಸ್ಥಿತಿಗೆ ಹೋಯಿತು. ವೈರಸ್ ನುಗ್ಗಿದ ಜೀವಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನ್ ಹೊರಗೆ ಬಿಡುತ್ತದೆ. ಪಕ್ಕದ ಕೋಶಗಳಿಗೆ ಅದು ಕೂಗಿ ಎಚ್ಚರಿಸಿದ ಹಾಗೆ. ಕೇಳಿದ ಕೋಶಗಳು ಬಾಗಿಲು ಹಾಕಿಕೊಳ್ಳುತ್ತವೆ. ಆ ಮಗುವಿನ ಜೀವಕೋಶಗಳಿಗೆ ಸರಿಯಾಗಿ ಕೂಗಲು ಆಗುತ್ತಿರಲಿಲ್ಲ. ಐಆರ್‌ಎಫ್7 ಎಂಬ ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದವು. ಒಂದು ಅಪ್ಪನಿಂದ, ಒಂದು ಅಮ್ಮನಿಂದ. ಇಬ್ಬರೂ ಆರೋಗ್ಯವಾಗಿದ್ದವರು, ನಿಮ್ಮ ಲೆಕ್ಕದಲ್ಲಿ ಗಟ್ಟಿ ರಕ್ತದವರೇ. 2015ರಲ್ಲಿ ಇದನ್ನು ಪ್ರಕಟಿಸಿದಾಗ ಮಗು ಬೇರೆ ಮಕ್ಕಳ ಹಾಗೆ ಆರಾಮಾಗಿ ಬೆಳೆಯುತ್ತಿತ್ತು. ಮುನ್ನೆಚ್ಚರಿಕೆಗೆ ಕೊಡುತ್ತಿದ್ದದ್ದು ಒಂದೇ, ವರ್ಷ ವರ್ಷ ಫ್ಲೂ ಲಸಿಕೆ.

ಅಪ್ಪ: ಎಲ್ಲ ಓದಿದೆ. ಅಣ್ಣ, ಆಸ್ಪತ್ರೆಯಿಂದ ಬಂದ ಮೇಲೆ ನಾನೂ ದಿನಾ ಅದನ್ನೇ ಯೋಚಿಸಿದ್ದೆ. ಏನು ತಪ್ಪು ಮಾಡಿದೆ ಅಂತ.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಬರುತ್ತಿತ್ತು, ಹೋಗುತ್ತಿತ್ತು.)

ದೊಡ್ಡಪ್ಪ: ಜ್ವರ ಮೊದಲು ಬಂದದ್ದು ನನಗೆ. ನಿನಗೆ ಬಂದದ್ದು 4 ದಿನ ಆದಮೇಲೆ. ಮನೆಗೆ ತಂದವನು ನಾನೇ ಇರಬೇಕು. ಅದನ್ನು ಬಾಯಿಬಿಟ್ಟು ಹೇಳೋಕೆ ಆಗದೆ ನಿನ್ನ ನಿದ್ದೆ, ನಿನ್ನ ನಡಿಗೆ ಅಂತ ಹೇಳುತ್ತಾ ಬಂದೆ.

ಅಪ್ಪ: ಯಾರು ತಂದರು ಅಂತ ನಾನು ಯಾವತ್ತೂ ಕೇಳಿಲ್ಲವಲ್ಲ ಅಣ್ಣ.

ಅತ್ತೆ: ಇಬ್ಬರೂ ಒಂದು ಸಲ ಫೋನ್‌ನಲ್ಲಿ ಮಾತಾಡಿ.

ದೊಡ್ಡಪ್ಪ: ಈಗಲೇ ಮಾಡುತ್ತೇನೆ. ಪುಟ್ಟಿ, ಆ ಫಾರ್ವರ್ಡನ್ನು ಇನ್ನೂ ಎರಡು ಗುಂಪಿಗೆ ಕಳಿಸಿಬಿಟ್ಟಿದ್ದೇನೆ. ಅಲ್ಲಿ ಏನು ಬರೆಯಲಿ?

ನಾನು: ಆ ಫ್ರಾನ್ಸಿನ ಮಗುವಿನ ವಿಷಯ ಬರೆಯಿರಿ ದೊಡ್ಡಪ್ಪ. ಅಪ್ಪ ಅಮ್ಮ ಇಬ್ಬರೂ ಆರೋಗ್ಯವಾಗಿದ್ದರು ಅನ್ನೋದನ್ನು ಬಿಡಬೇಡಿ.