ಗುಂಡಿಯಲ್ಲಿ ಸುಟ್ಟ ಕುಡಿಕೆ ವಾರದ ಮೇಲೆ ಸಿಡಿಯುತ್ತಿದೆ, ಯಾಕೆ?

ಕೆಸರುಕೈ (ಕಲಬುರಗಿ): ಎಲ್ಲರಿಗೂ ನಮಸ್ಕಾರ. ಕರೆಂಟ್ ಭಟ್ಟಿ ಕೊಳ್ಳುವಷ್ಟು ದುಡ್ಡಿಲ್ಲ, ಇದ್ದರೂ ಬಾಡಿಗೆ ಮನೆಯ ವೈರಿಂಗ್ ತಡೆಯುವುದಿಲ್ಲ. ಅದಕ್ಕೇ ಮಾವನ ಹೊಲದಲ್ಲಿ ಮೊಣಕಾಲುದ್ದ ಗುಂಡಿ ತೋಡಿದೆ. ತಳಕ್ಕೆ ಶಹಾಬಾದ್ ಫರ್ಸಿಯ (ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು) ತುಂಡು, ಮೇಲೆ ಕುಳ್ಳು (ಬೆರಣಿ), ತೊಗರಿ ಕಟ್ಟಿಗೆ. ಮಣ್ಣು ಹೊಲದ್ದೇ, ಕಪ್ಪು ಎರೆ. ಸ್ವಲ್ಪ ಮರಳು ಬೆರೆಸಿದ್ದೆ.

14 ಕುಡಿಕೆಗಳಲ್ಲಿ 5 ಬೆಂಕಿ ಹಚ್ಚಿದ ಕಾಲು ಗಂಟೆಯಲ್ಲೇ ಢಂ ಅಂದವು. ಉಳಿದವು ಚೆನ್ನಾಗಿ ಬಂದವು, ಬೆರಳಲ್ಲಿ ಬಾರಿಸಿದರೆ ಠಣ್ ಅನ್ನುತ್ತಿದ್ದವು. ಕಪಾಟಿನಲ್ಲಿಟ್ಟು ವಾರವಾಯಿತು. ಈಗ ಯಾರೂ ಮುಟ್ಟದಿದ್ದರೂ ಮೈಯಿಂದ ಚಕ್ಕೆ ಏಳುತ್ತಿದೆ! ಚಕ್ಕೆ ಎದ್ದ ಕುಳಿಯ ನಡುವೆ ಒಂದು ಬಿಳಿ ಚುಕ್ಕೆ. ಬೆಂಕಿ ಜಾಸ್ತಿ ಆಯಿತಾ, ಕಮ್ಮಿ ಆಯಿತಾ?

ಆವಿಗೆ (ಬೀದರ್): ಬೆಂಕಿಯನ್ನು ಸುಮ್ನೆ ಬೈಯಬೇಡಿ ಅಣ್ಣಾ. ಆ ಬಿಳಿ ಚುಕ್ಕೆಯೇ ಕಳ್ಳ. ನಿಮ್ಮ ಕಡೆ ನೆಲದಡಿ ಸುಣ್ಣಕಲ್ಲು, ಎರೆಯಲ್ಲೂ ಸುಣ್ಣದ ಹರಳು ಇರುತ್ತದೆ ಅಲ್ವಾ? 800 ಡಿಗ್ರಿ ಆಸುಪಾಸಿನಲ್ಲಿ ಅದು ಸುಟ್ಟು ಸುಟ್ಟಸುಣ್ಣ ಆಗುತ್ತದೆ. ಆಮೇಲೆ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಮೇಲಿನ ಮಣ್ಣನ್ನು ಒದ್ದು ಹೊರಬರುತ್ತದೆ. ಒಣ ಮಣ್ಣಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಸುಣ್ಣ ಇದೆ ಅಂತಲೇ ಲೆಕ್ಕ.

ಮಣ್ಣನ್ನು ನೀರಲ್ಲಿ ಕದಡಿ ತೆಳು ಬಟ್ಟೆಯಲ್ಲಿ ಸೋಸಿ. ಸುಟ್ಟ ಮೇಲೆ ಕೈಗೆ ಬೆಚ್ಚಗಿರುವಾಗಲೇ ಬಕೆಟ್ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಸಣ್ಣ ಕಾಳು ಅಲ್ಲೇ ಅರಳಿ ಮೆತ್ತಗಾಗುತ್ತದೆ. ಕಡಲೆ ಗಾತ್ರದ ಹರಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಢಂ ಅಂದದ್ದರ ಕತೆಯೇ ಬೇರೆ. ಕಾಲು ಗಂಟೆಯಲ್ಲೇ ಸಿಡಿಯಿತು ಅಂದರೆ ಒಳಗೆ ನೀರಿತ್ತು. ಗೋಡೆ ದಪ್ಪ ಇದ್ದರೆ ಹಬೆಗೆ ಹೊರಬರಲು ದಾರಿಯೇ ಇರುವುದಿಲ್ಲ.

ಕೆಸರುಕೈ: ಹತ್ತು ದಿನ ನೆರಳಲ್ಲಿ ಒಣಗಿಸಿದ್ದೆನಲ್ಲ?

ಆವಿಗೆ: ದಿನ ಎಣಿಸಬೇಡಿ, ಕೆನ್ನೆಗೆ ಹಚ್ಚಿ ನೋಡಿ. ತಣ್ಣಗೆ ಅನಿಸಿದರೆ ಇನ್ನೂ ಹಸಿ. ಸುಡುವ ದಿನ ಬಿಸಿಲಿಗಿಟ್ಟು, ಆಮೇಲೆ ಗುಂಡಿಯ ಅಂಚಿನಲ್ಲಿ ಸಣ್ಣ ಕುಳ್ಳಿನ ಕಾವಿಗೆ ಎರಡು ತಾಸು ಬಿಡಿ. ದೊಡ್ಡ ಬೆಂಕಿ ಆಮೇಲೆ. ಮರಳಿನ ಜೊತೆ ಒಡೆದ ಮಡಕೆಯ ಪುಡಿ ಸೇರಿಸಿ, ಎರೆ ಕುಗ್ಗುವುದು ಜಾಸ್ತಿ.

ಮಣ್ಣಿನ ಚಟ (ಯಾದಗಿರಿ): ಆ ಫರ್ಸಿ ಯಾರು ಹೇಳಿಕೊಟ್ಟರು ರೀ? ಪದರ ಪದರ ಕಲ್ಲು, ಸಂದಿಯಲ್ಲಿ ತೇವ ಇದ್ದರೆ ಕಾವಿಗೆ ತಾನೇ ಸಿಡಿಯುತ್ತದೆ. ಚೂರು ಕಣ್ಣಿಗೆ ಹಾರಿದರೆ ಗತಿ? ಇಟ್ಟಿಗೆ ಹಾಕಿ, ಇಲ್ಲವೇ ಬೋಕಿ (ಮಡಕೆ ಚೂರು) ಹಾಸಿ. ನಿಮ್ಮ ಒಡೆದ ಐದನ್ನೇ ಬೋಕಿ ಮಾಡಿಕೊಳ್ಳಿ.

ಕೆಸರುಕೈ: ಈಗ ಹೋಗಿ ಬೂದಿ ಕೆದಕಿ ನೋಡಿದೆ. ಫರ್ಸಿ ನಾಲ್ಕು ತುಂಡಾಗಿದೆ! ಎರಡು ಕುಡಿಕೆಗಳ ಚೂರಿನಲ್ಲಿ ಕಲ್ಲಿನ ಚಕ್ಕೆ ಸಿಕ್ಕಿಕೊಂಡಿತ್ತು. ನಿಂಬೆರಸಕ್ಕೆ ಮಣ್ಣು ಬುರುಬುರು ನೊರೆಯಾಯಿತು. ಇನ್ನೊಂದು ಕೇಳಲಾ? ಬಿದರಿ ಲೋಹದ ಪಾತ್ರೆಗಳ ಕಪ್ಪು ಮಡಕೆಗೆ ಬರುತ್ತದಾ?

ಆವಿಗೆ: ನಮ್ಮೂರಿನ ಹೆಸರು ಬಂತು, ಸುಮ್ಮನಿರಲಾರೆ. ಬಿದರಿಯ ಕಪ್ಪು ಸತುವಿನ ಮಿಶ್ರ ಲೋಹದ ಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಲವಣ ಸೇರಿ ಬರುವುದು. ಮಡಕೆಗೆ ಬರುವುದಿಲ್ಲ. ನಿಮಗೆ ಹೊಗೆಯ ಕಪ್ಪು ಸಾಕು. ಬೆಂಕಿ ಕೆಂಡವಾದ ಮೇಲೆ ಮರದ ಹೊಟ್ಟು ಸುರಿದು ಮೇಲೆ ಮಣ್ಣು ಮುಚ್ಚಿ, ಗಾಳಿ ಹೋಗದಂತೆ. ಬೆಳಗಿನವರೆಗೆ ತೆರೆಯಬೇಡಿ, ಗಾಳಿ ತಾಗಿದರೆ ಮತ್ತೆ ಕೆಂಪಗಾಗುತ್ತದೆ.

ಕೆಸರುಕೈ: ಎರಡನೇ ಸುತ್ತು ಆಯಿತು. ಸೋಸಿದ ಮಣ್ಣು, ತಳಕ್ಕೆ ಇಟ್ಟಿಗೆ, ಮೊದಲು ಸಣ್ಣ ಕಾವು. ಒಂಬತ್ತರಲ್ಲಿ ಎಂಟು ಗಟ್ಟಿ. ಒಂಬತ್ತನೆಯದನ್ನು ಅವಸರದಲ್ಲಿ ಹಸಿಯೇ ಇಟ್ಟಿದ್ದೆ. ಕೆನ್ನೆ ತಣ್ಣಗೆ ಅಂದಿತ್ತು, ನಾನೇ ಕೇಳಲಿಲ್ಲ. ಕಪ್ಪು ಅರ್ಧ ಬಂದಿದೆ, ಮುಚ್ಚಿದ ಮಣ್ಣಿನ ಬಿರುಕು ನೋಡಿರಲಿಲ್ಲ.